ಕ್ಯಾಮ್ ಹಾಕುವ ಮುಂಚೆ ವರ್ನಿಯರ್ ಹಿಡಿಯಿರಿ

ಮಾರುತಿ ಜಿಪ್ಸಿ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಕ್ಯಾಮ್ ಹುಚ್ಚು ಹಿಡಿಯುತ್ತದೆ. ಕ್ಯಾಮ್ ಅಂದರೆ ಎಂಜಿನ್‌ನ ವಾಲ್ವ್‌ಗಳನ್ನು ತೆರೆಸುವ, ಉಬ್ಬುಗಳಿರುವ ದಂಡ. ದೊಡ್ಡ ಉಬ್ಬಿನದು ಹಾಕಿದರೆ ವಾಲ್ವ್ ಹೆಚ್ಚು ತೆರೆಯುತ್ತದೆ. ರ‍್ಯಾಲಿ ಗಾಡಿಯ ಸದ್ದು ಎಲ್ಲೋ ಕಿವಿಗೆ ಬಿದ್ದಿರುತ್ತದೆ, ಬೆಂಗಳೂರಿನ ಬಿಡಿಭಾಗಗಳ ಪೇಟೆ ಜೆ.ಸಿ. ರಸ್ತೆಯಲ್ಲಿ ಯಾರೋ ಒಂದು ಕ್ಯಾಮ್ ಡಬ್ಬಿ ತೋರಿಸಿರುತ್ತಾರೆ. ‘ಎರಡು ಗಂಟೆ ಕೆಲಸ ಸಾರ್’ ಅನ್ನುವ ಮೆಕ್ಯಾನಿಕ್ಕೂ ಸಿಗುತ್ತಾನೆ. ಅವನು ಹೇಳಿದ್ದು ಸುಳ್ಳಲ್ಲ. ಕ್ಯಾಮ್ ಬಿಚ್ಚಿ ಇನ್ನೊಂದು ಹಾಕಲು ಅಷ್ಟೇ ಸಾಕು. ಅಳತೆ ತೆಗೆಯಲು ಮಾತ್ರ ಪೂರ್ತಿ ಒಂದು ದಿನ ಬೇಕು. ಎಂಜಿನ್ ಕೆಡುವುದು ಆ ದಿನವನ್ನು ಉಳಿಸಲು ಹೋದಾಗಲೇ.

ಇಲ್ಲಿ ಹೇಳುತ್ತಿರುವುದು ಜಿಪ್ಸಿ ಕಿಂಗ್‌ನ 1298 ಸಿಸಿ, 16 ವಾಲ್ವ್, ಒಂದೇ ಕ್ಯಾಮ್‌ನ ಎಂಜಿನ್ ಬಗ್ಗೆ. ಟ್ರ್ಯಾಕ್, ರ‍್ಯಾಲಿ ಗಾಡಿಗಾದರೆ ಸರಿ. ರಸ್ತೆಯಲ್ಲಿ ಓಡಿಸುವ ಗಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ಅದು ತಡೆಯುತ್ತದೆ, ಮರೆಯಬೇಡಿ.

ಬಿಚ್ಚುವುದು

ಬ್ಯಾಟರಿ ತೆಗೆಯಿರಿ, ಕೂಲಂಟ್ ಇಳಿಸಿ, ಬೆಲ್ಟ್ ಕವರ್ ಬಿಚ್ಚಿ, ಟೈಮಿಂಗ್ ಗುರುತುಗಳ ಫೋಟೊ ತೆಗೆದುಕೊಂಡು ಬೆಲ್ಟ್ ಕಳಚಿ. ಕ್ಯಾಮ್ ಕ್ಯಾಪ್‌ನ ಬೋಲ್ಟ್‌ಗಳನ್ನು ಅರ್ಧ ಸುತ್ತು, ಅರ್ಧ ಸುತ್ತು ಮಾಡಿ ಎಲ್ಲವನ್ನೂ ಒಟ್ಟಿಗೆ ಸಡಿಲಿಸಿ. ಕೆಳಗಿನಿಂದ ವಾಲ್ವ್ ಮುಚ್ಚುವ ಸ್ಪ್ರಿಂಗ್‌ಗಳು ಒತ್ತುತ್ತಿರುತ್ತವೆ. ಒಂದು ಕಡೆ ಪೂರ್ತಿ ಬಿಚ್ಚಿದರೆ ಕ್ಯಾಮ್ ಬಾಗಿ ಮುರಿಯಬಹುದು.

ಆಮೇಲೆ ಹೆಡ್ (ವಾಲ್ವ್‌ಗಳಿರುವ ಎಂಜಿನ್‌ನ ಮೇಲ್ಭಾಗ) ಇಳಿಸಿ. ಹೌದು, ಇಳಿಸಲೇಬೇಕು. ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ, ಪಿಸ್ಟನ್ ಮೇಲೆತ್ತಿ, ವಾಲ್ವ್ ಕೆಳಗೆ ಬೀಳದಂತೆ ಹಿಡಿದು ಗಾಡಿಯಲ್ಲೇ ಸ್ಪ್ರಿಂಗ್ ಬದಲಿಸುವ ಉಪಾಯ ನನಗೂ ಗೊತ್ತು. ಹಳೆಯ ಸ್ಪ್ರಿಂಗ್ ತೆಗೆದು ಅದೇ ಅಳತೆಯ ಹೊಸದನ್ನು ಹಾಕುವುದಕ್ಕೆ ಅದು ಸಾಕು. ಹೊಸ ಕ್ಯಾಮ್‌ಗೆ ಸಾಲದು, ಮುಂದೆ ಹೇಳುವ ಅಳತೆಗಳಿಗೆ ಹೆಡ್ ಹೊರಗೆ ಬರಬೇಕು.

ಸ್ಪ್ರಿಂಗ್: ಎಲ್ಲರೂ ಎಡವುವ ಜಾಗ

ಕಂಪ್ರೆಸರ್ ಹಾಕಿ ಸ್ಪ್ರಿಂಗ್ ಒತ್ತಿ ವಾಲ್ವ್ ಲಾಕ್ (ರಿಟೇನರನ್ನು ವಾಲ್ವ್‌ನ ಕಾಂಡಕ್ಕೆ ಹಿಡಿದಿಡುವ ಚೂರುಗಳು) ತೆಗೆಯಿರಿ. ಒಂದು ವಾಲ್ವ್‌ಗೆ ಎರಡು ತುಂಡು, ಒಟ್ಟು 32. ಎಣಿಸಿ ಡಬ್ಬಿಗೆ ಹಾಕಿ. ನನಗೊಮ್ಮೆ 31 ಸಿಕ್ಕಿ, ಇನ್ನೊಂದು ಎಂಜಿನ್ ಒಳಗೇ ಬಿತ್ತು ಅಂತ ಚೇಂಬರ್ (ಕೆಳಗಿನ ಆಯಿಲ್ ತೊಟ್ಟಿ) ಕೂಡ ಬಿಚ್ಚಿದ್ದೆ. ಕೊನೆಗೆ ಅದು ನನ್ನ ಚಪ್ಪಲಿಯ ಅಡಿಯ ಗ್ರೀಸ್‌ಗೆ ಅಂಟಿಕೊಂಡಿತ್ತು.

ಈಗ ಸ್ಪ್ರಿಂಗ್ ಇಲ್ಲದೆ ಬರೀ ರಿಟೇನರ್ (ಸ್ಪ್ರಿಂಗ್ ಮೇಲಿನ ಬಿಲ್ಲೆ) ಮತ್ತು ಲಾಕ್ ಕೂರಿಸಿ ವಾಲ್ವನ್ನು ಮೇಲಕ್ಕೆ ಎಳೆದು ಹಿಡಿಯಿರಿ. ಸ್ಪ್ರಿಂಗ್ ಕೂರುವ ತಳದಿಂದ ರಿಟೇನರ್‌ನ ಅಡಿಯವರೆಗೆ ವರ್ನಿಯರ್‌ನಲ್ಲಿ ಅಳೆಯಿರಿ. ಇದು ಸ್ಪ್ರಿಂಗ್ ಕೂರುವ ಎತ್ತರ. 16 ವಾಲ್ವ್‌ಗೂ ಬೇರೆ ಬೇರೆ ಅಳತೆ ಬರೆದಿಡಿ. ಹಿಂದೆ ಯಾರಾದರೂ ಸೀಟ್ ಕಟಿಂಗ್ (ವಾಲ್ವ್ ಕೂರುವ ಜಾಗ ಕೆತ್ತುವುದು) ಮಾಡಿಸಿದ್ದರೆ ವಾಲ್ವ್ ಸೀಟಿನೊಳಗೆ ಇಳಿದು, ಅದರ ಕಾಂಡ ಮೇಲೆ ಬಂದಿರುತ್ತದೆ. ಆಗ ಎತ್ತರ ಜಾಸ್ತಿಯಾಗಿ ಸ್ಪ್ರಿಂಗ್ ಸಡಿಲ ಕೂರುತ್ತದೆ. ಹೆಚ್ಚಾದಷ್ಟು ದಪ್ಪದ ಶಿಮ್ (ತೆಳು ಬಿಲ್ಲೆ) ಕೆಳಗೆ ಹಾಕಿ.

ಒಂದು ಲೆಕ್ಕ ನೋಡಿ. ಕೂರುವ ಎತ್ತರ 35 ಮಿ.ಮೀ., ವಾಲ್ವ್ ಲಿಫ್ಟ್ (ವಾಲ್ವ್ ತೆರೆಯುವ ದೂರ) 9.5 ಮಿ.ಮೀ. ಅಂದುಕೊಳ್ಳಿ. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್‌ಗೆ ಉಳಿಯುವ ಜಾಗ 25.5. ವೈಸ್‌ನಲ್ಲಿ ಸುರುಳಿಗೆ ಸುರುಳಿ ಮುಟ್ಟುವವರೆಗೆ ಸ್ಪ್ರಿಂಗ್ ಒತ್ತಿ ಅಳೆದಾಗ 24 ಬಂದರೆ 1.5 ಮಿ.ಮೀ. ಮಿಕ್ಕಿದೆ, ಪರವಾಗಿಲ್ಲ. 25 ಬಂದರೆ ಆ ಸ್ಪ್ರಿಂಗ್ ವಾಪಸ್ ಕೊಡಿ. ಕ್ಯಾಮ್ ಜೊತೆ ಬರುವ ಅಳತೆಯ ಕಾರ್ಡ್‌ನಲ್ಲಿ ಬರೆದಿರುವುದು ಕ್ಯಾಮ್ ಲಿಫ್ಟೋ (ಉಬ್ಬಿನ ಎತ್ತರ) ವಾಲ್ವ್ ಲಿಫ್ಟೋ ಅಂತಲೂ ನೋಡಿಕೊಳ್ಳಿ. ನಡುವೆ ಕ್ಯಾಮ್‌ನ ಒತ್ತನ್ನು ವಾಲ್ವ್‌ಗೆ ದಾಟಿಸುವ ರಾಕರ್ ಇರುವುದರಿಂದ ಎರಡೂ ಒಂದೇ ಅಲ್ಲ. ರಿಟೇನರ್ ಕೆಳಗೆ ಬಂದಾಗ ವಾಲ್ವ್ ಸೀಲ್‌ಗೆ ಬಡಿಯಬಾರದು, ಅಲ್ಲೂ ಒಂದೂವರೆ ಮಿ.ಮೀ. ಬಿಡಿ.

‘ಇರುವುದರಲ್ಲೇ ಗಟ್ಟಿ ಸ್ಪ್ರಿಂಗ್ ಕೊಡಿ’ ಅಂತ ಕೇಳಬೇಡಿ. ಜಾಸ್ತಿ ಆರ್‌ಪಿಎಂನಲ್ಲಿ ವಾಲ್ವ್ ಕ್ಯಾಮ್‌ನ ಹಿಂದೆಯೇ ಮುಚ್ಚಿಕೊಂಡರೆ ಸಾಕು. ಅದಕ್ಕಿಂತ ಗಟ್ಟಿಯಾದರೆ ಕ್ಯಾಮ್ ಮತ್ತು ರಾಕರ್ ಸುಮ್ನೆ ಸವೆಯುತ್ತವೆ.

ಮಕ್ಕಳ ಜೇಡಿಮಣ್ಣಿನ ಪರೀಕ್ಷೆ

ಹೊಸ ಕ್ಯಾಮ್ ತೆರೆದ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆಯೇ ಅಂತ ನೋಡಲು ಸ್ಟೇಷನರಿ ಅಂಗಡಿಯ ಬಣ್ಣದ ಕ್ಲೇ ತನ್ನಿ. ಒಂದನೇ ಪಿಸ್ಟನ್ ಮೇಲೆ ವಾಲ್ವ್‌ಗಳು ಬರುವ ಜಾಗದಲ್ಲಿ ಉಂಡೆ ಮಾಡಿ ಒತ್ತಿ. ಅಂಟದಿರಲು ವಾಲ್ವ್‌ಗೆ ಆಯಿಲ್ ಸವರಿ. ಹಳೆಯ ಗ್ಯಾಸ್ಕೆಟ್ಟನ್ನೇ ಇಟ್ಟು ಹೆಡ್ ಬಿಗಿ ಮಾಡಿ, ಹೊಸ ಕ್ಯಾಮ್ ಕೂರಿಸಿ, ಬೆಲ್ಟ್ ಗುರುತಿಗೆ ಸರಿಯಾಗಿ ಹಾಕಿ, ಟ್ಯಾಪೆಟ್ (ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದು) ಸೆಟ್ ಮಾಡಿ. ಕ್ರ್ಯಾಂಕ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ಬಲ ಹಾಕಬೇಡಿ. ಸ್ಟಾರ್ಟರ್ ಅಂತೂ ಮುಟ್ಟಲೇಬೇಡಿ.

ಹೆಡ್ ಎತ್ತಿದರೆ ಕ್ಲೇ ಮೇಲೆ ವಾಲ್ವ್‌ನ ಅರ್ಧಚಂದ್ರ ಮೂಡಿರುತ್ತದೆ. ಬ್ಲೇಡಿನಿಂದ ಅದನ್ನು ನಡುವೆ ಕೊಯ್ದು ತೀರಾ ತೆಳುವಾದ ಕಡೆ ಅಳೆಯಿರಿ. ಇಂಟೇಕ್ ಕಡೆ 2 ಮಿ.ಮೀ., ಎಕ್ಸಾಸ್ಟ್ ಕಡೆ 2.5 ಮಿ.ಮೀ. ಇರಲೇಬೇಕು. ಎಕ್ಸಾಸ್ಟ್ ವಾಲ್ವ್ ಜಾಸ್ತಿ ಬಿಸಿಯಾಗಿ ಉದ್ದ ಹಿಗ್ಗುವುದರಿಂದ ಅದಕ್ಕೆ ಆ ಅರ್ಧ ಮಿ.ಮೀ. ಹೆಚ್ಚು. ಕಡಿಮೆ ಬಂತೋ, ಪಿಸ್ಟನ್ ತಲೆ ಕೆತ್ತಿಸಬೇಕು, ಇಲ್ಲ ಸಣ್ಣ ಕ್ಯಾಮ್ ತರಬೇಕು.

ಡಬ್ಬಿಯೊಳಗಿನ ಮಾಲು

‘ರೇಸ್ ಕ್ಯಾಮ್’ ಅಂತ ಸಿಗುವುದರಲ್ಲಿ ಎಷ್ಟೋ ಹಳೆಯ ಕ್ಯಾಮನ್ನೇ ಉಜ್ಜಿ ಆಕಾರ ಬದಲಿಸಿದವು. ಉಜ್ಜುವುದು ತಪ್ಪಲ್ಲ. ಆದರೆ ಮೇಲಿನ ಗಟ್ಟಿ ಪದರವೇ ಹೋಗುವಷ್ಟು ಉಜ್ಜಿದರೆ ಕ್ಯಾಮ್ ಬಾಳುವುದಿಲ್ಲ. ನಾನು ತಂದ ಒಂದು ಮೂರು ತಿಂಗಳಿಗೇ ಸವೆದು ಹೋಯಿತು. ಮಾರಿದವನು ‘ಆಯಿಲ್ ಸರಿ ಇಲ್ಲ’ ಅಂದ. ಅಳತೆಯ ಕಾರ್ಡ್ ಕೊಡದ ಅಂಗಡಿಯಲ್ಲಿ ಕ್ಯಾಮ್ ಕೊಳ್ಳಬೇಡಿ. ಹಳೆಯ ರಾಕರ್‌ಗಳ ಮೈ ಗೀರು ಬಿದ್ದಿದ್ದರೆ ಹೊಸ ಕ್ಯಾಮ್ ಜೊತೆ ಹಾಕಲೂಬೇಡಿ.

ಕೂಡಿಸುವುದು

ಹೊಸ ಗ್ಯಾಸ್ಕೆಟ್, ಹೊಸ ಬೆಲ್ಟ್, ಟಾರ್ಕ್ ವ್ರೆಂಚ್. ಲಾಕ್‌ಗಳಿಗೆ ಚೂರು ಗ್ರೀಸ್ ಹಚ್ಚಿದರೆ ಕಾಂಡಕ್ಕೆ ಅಂಟಿ ನಿಲ್ಲುತ್ತವೆ. ಕ್ಯಾಮ್‌ನ ಉಬ್ಬುಗಳಿಗೆ ಧಾರಾಳವಾಗಿ ಮಾಲಿಬ್ಡಿನಂ ಪೇಸ್ಟ್ ಬಳಿಯಿರಿ. ಟ್ಯಾಪೆಟ್ ಗ್ಯಾಪ್ ಎಷ್ಟು ಅನ್ನುವುದನ್ನು ಗಾಡಿಯ ಪುಸ್ತಕದಲ್ಲಿ ನೋಡಬೇಡಿ, ಹೊಸ ಕ್ಯಾಮ್‌ನ ಕಾರ್ಡ್ ನೋಡಿ.

ಮೊದಲ ಸಲ ಸ್ಟಾರ್ಟ್ ಆದ ಕೂಡಲೇ 2000ರಿಂದ 2500 ಆರ್‌ಪಿಎಂನಲ್ಲಿ 20 ನಿಮಿಷ ಓಡಲಿ. ಐಡಲಿಂಗ್‌ನಲ್ಲಿ ಬಿಟ್ಟರೆ ಹೊಸ ಕ್ಯಾಮ್‌ಗೆ ಸಾಕಷ್ಟು ಆಯಿಲ್ ಸಿಡಿಯುವುದಿಲ್ಲ. ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ) ಗಾಡಿಯಾದರೆ ಆಮೇಲೆ ಐಡಲಿಂಗ್ ಕುಣಿಯುತ್ತದೆ, ಪೆಟ್ರೋಲ್ ವಾಸನೆಯೂ ಬರುತ್ತದೆ. ದೊಡ್ಡ ಕ್ಯಾಮ್‌ನಿಂದ ವ್ಯಾಕ್ಯೂಮ್ ಇಳಿಯುತ್ತದೆ, ಅದನ್ನು ಓದುವ ಸೆನ್ಸರ್ ಎಂಜಿನ್ ಮೇಲೆ ಲೋಡ್ ಬಿದ್ದಿದೆ ಅಂದುಕೊಂಡು ಹೆಚ್ಚು ಪೆಟ್ರೋಲ್ ಬಿಡಿಸುತ್ತದೆ. ಇಸಿಯು (ಪೆಟ್ರೋಲ್ ಲೆಕ್ಕ ಹಾಕುವ ಕಂಪ್ಯೂಟರ್) ಟ್ಯೂನಿಂಗ್‌ನ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. 500 ಕಿ.ಮೀ.ಗೆ ಆಯಿಲ್ ಬದಲಿಸಿ, ಆಗಲೇ ಟ್ಯಾಪೆಟ್ ಇನ್ನೊಮ್ಮೆ ನೋಡಿ.