ತಲೆ ಮೇಲೆ ಕೈ ಹೊತ್ತು ಕೂತಿದ್ದ ಟೈಲರ್

ನಾನು ಫಿಸಿಯೋಥೆರಪಿಸ್ಟ್. ಒಮ್ಮೆ ಬಲಗೈ ನೋವು ಅಂತ ಒಬ್ಬ ಟೈಲರ್ ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಬಲಗೈಯನ್ನು ತಲೆ ಮೇಲಿಟ್ಟು ಕೂತಿದ್ದರು. ಹೆಂಡತಿ ಗೊಣಗುತ್ತಿದ್ದರು: "ಹಾಗೆ ತಲೆ ಮೇಲೆ ಕೈ ಹೊತ್ಕೊಂಡು ಕೂರಬೇಡಿ ಅಂದ್ರೆ ಕೇಳಲ್ಲ." ಅದಕ್ಕೆ ಅವರು, "ಹಿಂಗಿಟ್ರೇನೇ ನೋವು ಕಡಿಮೆ ಕಣೆ" ಅಂದರು.

ನೋವಿನ ಮೂಲ ಭುಜವಾ, ಕುತ್ತಿಗೆಯಾ? ಅರ್ಧ ಉತ್ತರ ನನಗೆ ಅಲ್ಲೇ ಸಿಕ್ಕಿತು. ಕೈ ಮೇಲಿಟ್ಟಾಗ ಕುತ್ತಿಗೆಯ ನರದ ಎಳೆತ ಸಡಿಲವಾಗುತ್ತದೆ. ಭುಜದ ತೊಂದರೆಯಾದರೆ ಸಾಮಾನ್ಯವಾಗಿ ಉಲ್ಟಾ, ಕೈ ಎತ್ತಿದರೇ ನೋವು. ಹಿಂದೊಮ್ಮೆ ಇದನ್ನು ಗಮನಿಸದೆ ಮೂರು ವಾರ ಸುಮ್ನೆ ಭುಜಕ್ಕೇ ವ್ಯಾಯಾಮ ಮಾಡಿಸಿದ್ದೆ. ಆ ನಾಚಿಕೆ ಇನ್ನೂ ಇದೆ.

ಎಂಆರ್‌ಐ ಕವರ್ ತಂದಿದ್ದರು. ತೆಗೆಯಲಿಲ್ಲ, ಪಕ್ಕಕ್ಕಿಟ್ಟೆ.

ಮೊದಲು ಕೇಳಿದೆ: ಬಿದ್ದಿದ್ದೀರಾ? ಗುಂಡಿ ಹಾಕೋಕೆ ಕಷ್ಟವಾ? ನಡೆಯುವಾಗ ತೂರಾಡುತ್ತೀರಾ? ಮಧ್ಯದ ಬೆರಳಿನ ಉಗುರನ್ನು ಚಿಮ್ಮಿಸಿ ಹೆಬ್ಬೆರಳು ಎಳೆದುಕೊಳ್ಳುತ್ತದಾ ನೋಡಿದೆ. ಇಲ್ಲ. ಇವೆಲ್ಲ ಬೆನ್ನುಹುರಿಗೇ ಒತ್ತಡ ಬಿದ್ದಿರಬಹುದು ಅನ್ನುವ ಲಕ್ಷಣಗಳು; ಆ ಅನುಮಾನವಿದ್ದರೆ ನಾನು ಕುತ್ತಿಗೆ ಒತ್ತಲು ಹೋಗುವುದಿಲ್ಲ.

ಆಮೇಲೆ, ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆಯಾ ಅಂತ ನೋಡುವ ಸ್ಪರ್ಲಿಂಗ್ ಪರೀಕ್ಷೆ. 1944ರಲ್ಲಿ ಅಮೆರಿಕದ ವೈದ್ಯರಾದ ಸ್ಪರ್ಲಿಂಗ್ ಮತ್ತು ಸ್ಕೋವಿಲ್ ವಿವರಿಸಿದ್ದು. ತಲೆಯನ್ನು ನೋವಿರುವ ಕಡೆಗೆ ವಾಲಿಸಿ, ಸ್ವಲ್ಪ ಹಿಂದಕ್ಕೆ ಬಾಗಿಸಿ, ನೆತ್ತಿಯ ಮೇಲೆ ಮೆತ್ತಗೆ ಒತ್ತಬೇಕು. ಬರೀ ಕುತ್ತಿಗೆ ನೋವು ಬಂದರೆ ಲೆಕ್ಕಕ್ಕಿಲ್ಲ. ನೋವು ಕೈಗೆ ಇಳಿಯಬೇಕು. "ಅಯ್ಯೋ, ಬೆರಳಿಗೆ ಹೊಡೀತು ಸಾರ್!" ತಕ್ಷಣ ಬಿಟ್ಟೆ. ಮಲಗಿಸಿ, ಗದ್ದ ಮತ್ತು ತಲೆಯ ಹಿಂಭಾಗ ಹಿಡಿದು ನಿಧಾನವಾಗಿ ಎಳೆದಾಗ ನರದ ಮೇಲಿನ ಒತ್ತಡ ಇಳಿದು ಅವರ ಮುಖ ಸಡಿಲವಾಯಿತು.

ಯಾವ ನರ? ಮಧ್ಯದ ಬೆರಳಿಗೆ ಹತ್ತಿ ಸವರಿದರೆ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಮಡಚಿದ ಮೊಣಕೈ ನೇರ ಮಾಡಿ ಅಂದು ನಾನು ತಡೆದೆ. ಎಡಗೈ ನನ್ನನ್ನೇ ತಳ್ಳಿತು, ಬಲಗೈ ಸೋತಿತು. ಮೊಣಕೈ ಹಿಂದೆ ಸುತ್ತಿಗೆ ತಟ್ಟಿದರೆ ಎಡಗಡೆ ಚಿಮ್ಮಿತು, ಬಲಗಡೆ ಸದ್ದಿಲ್ಲ. ಮೂರೂ ತೋರಿಸಿದ್ದು ಸಿ7, ಅಂದರೆ ಕುತ್ತಿಗೆಯ ಏಳನೇ ನರವನ್ನೇ. ಕುತ್ತಿಗೆಯಲ್ಲಿ ಮೂಳೆ 7, ನರ 8 ಜೊತೆ. ಸಿ7 ಹೊರಬರುವುದು ಆರು ಮತ್ತು ಏಳನೇ ಮೂಳೆಗಳ ನಡುವೆ.

ಯಾರೋ ಹೇಳಿದ್ದಕ್ಕೆ ಎರಡು ತಿಂಗಳಿಂದ ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದರು. ಮಣಿಕಟ್ಟಿನಲ್ಲಿ ನರ ಸಿಕ್ಕಿಕೊಂಡರೂ ಮಧ್ಯದ ಬೆರಳು ಜೋಮು ಹಿಡಿಯುತ್ತದೆ, ನಿಜ. ಆದರೆ ಅದರಿಂದ ಮೊಣಕೈ ಸೋಲುವುದಿಲ್ಲ ಅಲ್ವಾ?

ಈಗ ಕವರ್ ತೆಗೆದೆ. ಮೂರು ಕಡೆ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಅಂತ ಬರೆದಿತ್ತು. ನೋವಿಲ್ಲದವರ ಫಿಲ್ಮಿನಲ್ಲೂ ಇಂಥ ಉಬ್ಬು ಕಾಣುವುದುಂಟು. ಇವರ ಕೈ ಹೇಳಿದ್ದಕ್ಕೆ ಹೊಂದಿದ್ದು ಒಂದೇ, ಆರು-ಏಳರ ನಡುವಿನದು. ಶಕ್ತಿ ಕುಂದಿದ್ದರಿಂದ ಅದನ್ನೇ ಚೀಟಿಯಲ್ಲಿ ಬರೆದು, ಅವತ್ತೇ ನರಶಸ್ತ್ರಚಿಕಿತ್ಸಕರ ಹತ್ತಿರ ಕಳಿಸಿದೆ.