ಆರೋಗ್ಯ ವಿಮೆ ಕ್ಲೇಮು ತಿರಸ್ಕಾರವಾಯಿತೇ? ಪತ್ರ ಕೈಗೆ ಬಂದ ದಿನದಿಂದ ಮಾಡಬೇಕಾದ್ದು

ಕ್ಲೇಮು ತಿರಸ್ಕಾರದ ಪತ್ರ ಬಂದ ಕೂಡಲೇ ಹೆಚ್ಚಿನವರು ಏಜೆಂಟರಿಗೆ ಫೋನ್ ಮಾಡುತ್ತಾರೆ, ಕಾಲ್ ಸೆಂಟರಿನವರ ಜೊತೆ ವಾದಕ್ಕಿಳಿಯುತ್ತಾರೆ. ಅದರಲ್ಲಿ ಯಾವುದೂ ದಾಖಲೆಯಾಗಿ ಉಳಿಯುವುದಿಲ್ಲ. ಮೊದಲು ಪತ್ರವನ್ನು ನಿಧಾನವಾಗಿ ಓದಿ. ಪಾಲಿಸಿಯ ಯಾವ ಷರತ್ತಿನಡಿ, ಯಾವ ಕಾರಣಕ್ಕೆ ಹಣ ಕೊಡುವುದಿಲ್ಲ ಎಂದಿದ್ದಾರೋ ಆ ಸಾಲಿಗೆ ಗೆರೆ ಎಳೆಯಿರಿ. ಮುಂದಿನ ವ್ಯಾಜ್ಯವೆಲ್ಲ ಅದರ ಸುತ್ತಲೇ ನಡೆಯುತ್ತದೆ. ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ಕಂಪನಿ ಆಮೇಲೆ ಎತ್ತುವಂತಿಲ್ಲ ಎಂದು ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ (2019) ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಷರತ್ತನ್ನು ಹೆಸರಿಸದೆ ‘ನಿಯಮಾನುಸಾರ ತಿರಸ್ಕರಿಸಲಾಗಿದೆ’ ಎಂದಷ್ಟೇ ಇದ್ದರೆ, ಷರತ್ತಿನ ಸಂಖ್ಯೆ ಕೇಳಿ ಅಂದೇ ಇಮೇಲ್ ಕಳಿಸಿ.

ಅರ್ಧ ಹಣ ಕೊಟ್ಟು ‘ಪೂರ್ಣ ಮತ್ತು ಅಂತಿಮ’ ಎಂಬ ಚೀಟಿಗೆ ಸಹಿ ಕೇಳಿದರೆ, ‘ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ’ ಎಂದು ಬರೆದೇ ಸಹಿ ಮಾಡಿ. ಇಲ್ಲವಾದರೆ ಒತ್ತಾಯದಿಂದ ಸಹಿ ಮಾಡಿಸಿಕೊಂಡರು ಎಂದು ಸಾಬೀತುಪಡಿಸುವ ಹೊರೆ ನಿಮ್ಮ ತಲೆಗೇ ಬರುತ್ತದೆ.

ಎರಡನೆಯ ಕೆಲಸ ಕಾಗದ ಕೂಡಿಸುವುದು. ಷರತ್ತುಗಳಿರುವ ಪೂರ್ತಿ ಪಾಲಿಸಿ, ಪಾಲಿಸಿ ಕೊಳ್ಳುವಾಗ ತುಂಬಿದ ಪ್ರಪೋಸಲ್ ಫಾರ್ಮಿನ ಪ್ರತಿ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳು, ಕಂಪನಿಯೊಂದಿಗಿನ ಇಮೇಲುಗಳು ಬೇಕು. ಆಸ್ಪತ್ರೆಯ ಕೇಸ್ ಶೀಟನ್ನು ಮಾತ್ರ ಮರೆಯಲೇಬೇಡಿ. ಲಿಖಿತವಾಗಿ ಕೇಳಿದ 72 ಗಂಟೆಯೊಳಗೆ ರೋಗಿಯ ದಾಖಲೆ ಕೊಡಬೇಕೆಂಬುದು ವೈದ್ಯರ ವೃತ್ತಿ ನಿಯಮದಲ್ಲೇ ಇದೆ.

ಕೇಸ್ ಶೀಟ್ ಯಾಕೆಂದರೆ, ‘ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರಿ’ ಎಂಬ ತಕರಾರು ಎಷ್ಟೋ ಸಲ ಅಲ್ಲಿಂದಲೇ ಹುಟ್ಟುತ್ತದೆ. ದಾಖಲಾಗುವ ಗಡಿಬಿಡಿಯಲ್ಲಿ ಜೊತೆಗಿದ್ದವರು ‘ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ ಇದೆ’ ಎಂದುಬಿಡುತ್ತಾರೆ, ಡ್ಯೂಟಿ ಡಾಕ್ಟರ್ ಅದನ್ನೇ ಬರೆದುಕೊಳ್ಳುತ್ತಾರೆ. ಅದು ತಪ್ಪಾಗಿದ್ದರೆ, ಆ ಮಾಹಿತಿ ಎಲ್ಲಿಂದ ಬಂತು, ಕಾಯಿಲೆ ಮೊದಲು ಪತ್ತೆಯಾದದ್ದು ಯಾವಾಗ ಎಂದು ಚಿಕಿತ್ಸೆ ಕೊಟ್ಟ ವೈದ್ಯರಿಂದಲೇ ಪತ್ರ ಪಡೆಯಿರಿ. ಪಾಲಿಸಿಗೆ ಮುಂಚಿನ ರಕ್ತಪರೀಕ್ಷೆಯ ವರದಿ ಸಿಕ್ಕರೆ ಅದು ಇನ್ನೂ ಗಟ್ಟಿ ಸಾಕ್ಷ್ಯ. ಮುಚ್ಚಿಟ್ಟಿದ್ದೀರಿ ಎಂಬುದನ್ನು ಸಾಬೀತುಪಡಿಸಬೇಕಾದವರು ಕಂಪನಿಯವರು. ವಿಮಾ ನಿಯಂತ್ರಣ ಪ್ರಾಧಿಕಾರದ (IRDAI) 2024ರ ನಿಯಮಗಳ ಪ್ರಕಾರ ಪಾಲಿಸಿ ಸತತ 60 ತಿಂಗಳು ನಡೆದಿದ್ದರೆ, ವಂಚನೆ ಸಾಬೀತಾಗದ ಹೊರತು ಈ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ಮಧ್ಯೆ ವಿಮಾ ಮೊತ್ತ ಹೆಚ್ಚಿಸಿಕೊಂಡಿದ್ದರೆ ಹೆಚ್ಚಿದ ಭಾಗಕ್ಕೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಆದರೆ 60 ತಿಂಗಳಾಗಿಲ್ಲ, ಫಾರ್ಮಿನಲ್ಲಿ ಕೇಳಿದ ಗಂಭೀರ ಕಾಯಿಲೆಯನ್ನು ನಿಜಕ್ಕೂ ಬರೆದಿಲ್ಲ ಎಂದಾದರೆ ಪ್ರಕರಣ ದುರ್ಬಲ. ‘ಫಾರ್ಮ್ ತುಂಬಿದ್ದು ಏಜೆಂಟರು’ ಎಂಬ ಮಾತು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ, ಕೆಳಗಿರುವ ಸಹಿ ನಿಮ್ಮದು.

ಇನ್ನು ದೂರು. ಮೊದಲ ಮೆಟ್ಟಿಲು ಕಂಪನಿಯ ಕುಂದುಕೊರತೆ ಅಧಿಕಾರಿ. ದೂರು ಎರಡು ಪುಟ ಮೀರದಿರಲಿ: ಅವರು ಕೊಟ್ಟ ಕಾರಣ, ಅದಕ್ಕೆ ನಿಮ್ಮ ಉತ್ತರ, ಉತ್ತರಕ್ಕೆ ಆಧಾರವಾದ ದಾಖಲೆ. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಪೋರ್ಟಲಿನಲ್ಲೂ ನೋಂದಾಯಿಸಿ.

ಕಂಪನಿ ಒಪ್ಪದಿದ್ದರೆ, ಅಥವಾ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ವಿಮೆಯ ದೂರುಗಳನ್ನು ಕೋರ್ಟಿನ ಹೊರಗೆ ತೀರ್ಮಾನಿಸುವ ಅಧಿಕಾರಿಯಾದ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರಿಗೆ ಅವಕಾಶವಿಲ್ಲ, ನಿಮ್ಮ ಮಾತು ನೀವೇ ಹೇಳಬೇಕು. ದೂರಿಗೆ ಕಂಪನಿಯ ಉತ್ತರ ಬಂದ ದಿನದಿಂದ, ಉತ್ತರವೇ ಬರದಿದ್ದರೆ ಆ ಒಂದು ತಿಂಗಳು ಮುಗಿದ ದಿನದಿಂದ, ಒಂದು ವರ್ಷದೊಳಗೆ ಹೋಗಬೇಕು. ಪರಿಹಾರದ ಮಿತಿ 50 ಲಕ್ಷ ರೂಪಾಯಿ. ತೀರ್ಪನ್ನು ಕಂಪನಿ 30 ದಿನದಲ್ಲಿ ಪಾಲಿಸಬೇಕು, ತಪ್ಪಿದರೆ ದಿನಕ್ಕೆ 5,000 ರೂಪಾಯಿ ದಂಡ ನಿಮಗೇ ಸಲ್ಲುತ್ತದೆ.

ಇಲ್ಲೇ ಅನೇಕರು ಎಡವುತ್ತಾರೆ. ಗ್ರಾಹಕ ಆಯೋಗದಲ್ಲಿ ಕೇಸು ಹಾಕಿದ ಮೇಲೆ ಒಂಬುಡ್ಸ್‌ಮನ್ ಅದೇ ದೂರನ್ನು ಮುಟ್ಟುವುದಿಲ್ಲ. ಆದರೆ ಒಂಬುಡ್ಸ್‌ಮನ್ ಬಳಿ ಸೋತವರು ಆಯೋಗಕ್ಕೆ ಬರಬಹುದು. ಹಾಗಾಗಿ ಕಾಗದದಲ್ಲೇ ಮುಗಿಯುವ ತಕರಾರಿಗೆ ಮೊದಲು ಒಂಬುಡ್ಸ್‌ಮನ್ ಸೂಕ್ತ. ವೈದ್ಯರನ್ನು ಪಾಟೀಸವಾಲಿಗೆ ಒಳಪಡಿಸಬೇಕಾದ ಪ್ರಕರಣವಾದರೆ ನೇರ ಆಯೋಗಕ್ಕೇ ಹೋಗುವುದು ಮೇಲು.

ಆಯೋಗದ ಕಾಲಮಿತಿ ಎರಡು ವರ್ಷ, ತಿರಸ್ಕಾರದ ಪತ್ರದಿಂದ ಎಣಿಸಿ. ಕಂಪನಿಗೆ ಮತ್ತೆ ಮತ್ತೆ ಪತ್ರ ಬರೆದರೆ ಅದು ಮುಂದಕ್ಕೆ ಹೋಗುವುದಿಲ್ಲ. ಯಾವ ಆಯೋಗ, ಎಷ್ಟು ಶುಲ್ಕ ಎಂಬುದು ಕೇಳುವ ಪರಿಹಾರದ ಮೇಲಲ್ಲ, ನೀವು ಕಟ್ಟಿದ ಪ್ರೀಮಿಯಂ ಮೇಲೆ ನಿಂತಿದೆ. ಅದು 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲೋ ಚೆನ್ನೈಯಲ್ಲೋ ಇದ್ದರೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನಿಮ್ಮ ಊರಿನ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಕ್ಲೇಮಿನ ಮೊತ್ತ, ಅದಕ್ಕೆ ಬಡ್ಡಿ, ಮಾನಸಿಕ ಯಾತನೆಗೆ ಪರಿಹಾರ, ವ್ಯಾಜ್ಯದ ಖರ್ಚು, ಇವನ್ನೆಲ್ಲ ಬೇರೆ ಬೇರೆಯಾಗಿ ಕೇಳಿ.

ಕೇಸು ಹಾಕಿದ ಮೇಲೆ ಆಯೋಗದ ನೋಟಿಸು ದಾಖಲೆಗಳ ಸಮೇತ ಕಂಪನಿಗೆ ತಲುಪಿದ ದಿನಾಂಕವನ್ನು ಗುರುತು ಹಾಕಿಕೊಳ್ಳಿ. ಲಿಖಿತ ಉತ್ತರಕ್ಕೆ ಅವರಿಗಿರುವುದು 30 ದಿನ, ಹೆಚ್ಚೆಂದರೆ ಇನ್ನು 15. ಅದರ ಮೇಲೆ ಒಂದು ದಿನವನ್ನೂ ಆಯೋಗ ಕೊಡುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. 46ನೇ ದಿನವೂ ಉತ್ತರ ಬಾರದಿದ್ದರೆ, ಅದನ್ನು ಇನ್ನು ಸ್ವೀಕರಿಸಬಾರದೆಂದು ಮುಂದಿನ ವಿಚಾರಣೆಯಲ್ಲೇ ಲಿಖಿತ ಅರ್ಜಿ ಕೊಡಿ.