ನೀರು ಕಾಯದ ಹೀಟರಿಗೆ ನಾನು ಹಾಕಿದ ಲೆಕ್ಕ

ಮದ್ದೂರು ತಾಲ್ಲೂಕಿನ ನಮ್ಮೂರಿನಿಂದ ದೊಡ್ಡಮ್ಮ ಫೋನ್ ಮಾಡಿದ್ದರು. "ಹೊಸ ರಾಡೂ ಅಷ್ಟೇ ಕಣ್ಲಾ ಮಗ, ಒಂದು ಬಕೆಟ್ ನೀರು ಕಾಯೋಕೆ ಅರ್ಧ ಗಂಟೆ ಬೇಕು" ಅಂದರು. ಹಳೇ ಹೀಟರ್ ರಾಡ್ ಕೆಟ್ಟಿದೆ ಅಂತ ಅಟ್ಟಕ್ಕೆ ಹಾಕಿ 1500 ವ್ಯಾಟಿನ ಹೊಸದು ತಂದಿದ್ದರು. ಅದೂ ಸರಿಯಿಲ್ಲ ಅಂತ ಅಂಗಡಿಗೆ ಹೋಗಿ ಬದಲಾಯಿಸಿಕೊಂಡೂ ಬಂದಿದ್ದರು. ನಾನು ಮಂಡ್ಯದಲ್ಲಿ ವೈರಿಂಗ್ ಕೆಲಸ ಮಾಡುವವನು. ಭಾನುವಾರ ಸಂಜೆ ಮೀಟರುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಎರಡನ್ನೂ ಗುಣಿಸಿದರೆ ಪವರ್. ಇದು ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಆದರೆ ರಾಡಿನ ಮೇಲೆ ಬರೆದ 1500 ವ್ಯಾಟ್ ಅನ್ನುವುದು 230 ವೋಲ್ಟ್ ಸಿಕ್ಕಾಗ ಮಾತ್ರ ನಿಜ. ಆಗ ಅದು 6.52 ಆಂಪಿಯರ್ ಎಳೆಯುತ್ತದೆ. 230ನ್ನು 6.52ರಿಂದ ಭಾಗಿಸಿ, 35.3 ಓಮ್ ಬರುತ್ತದೆ. ವೋಲ್ಟೇಜು ಏರಲಿ ಇಳಿಯಲಿ, ರಾಡಿನ ಈ ಓಮ್ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಬದಲಾಗುವುದು ವ್ಯಾಟ್. ಹಾಗಾಗಿ ರಾಡ್ ಕೆಟ್ಟಿದೆಯಾ ಅಂತ ತಿಳಿಯಲು ನಾನು ವ್ಯಾಟ್ ನೋಡುವುದಿಲ್ಲ, ಓಮ್ ನೋಡುತ್ತೇನೆ.

ಬಚ್ಚಲುಮನೆ ಹಿತ್ತಲಲ್ಲಿದೆ. ರಾಡನ್ನು ನೀರಿಗಿಟ್ಟು ಸ್ವಿಚ್ ಹಾಕಿ, ಆ ಸಾಕೆಟ್ಟಿನಲ್ಲೇ ವೋಲ್ಟೇಜು ನೋಡಿದೆ. 200. ಕರೆಂಟ್ ನೋಡಲು ಕ್ಲ್ಯಾಂಪ್ ಮೀಟರ್, ಅಂದರೆ ತಂತಿಯನ್ನು ಹೊರಗಿನಿಂದಲೇ ಸುತ್ತ ಹಿಡಿದು ಅಳೆಯುವ ಮೀಟರ್. ಇಲ್ಲಿ ಹೊಸಬರು ತಪ್ಪುತ್ತಾರೆ. ಇಡೀ ಕೇಬಲ್ಲಿಗೆ ಕ್ಲ್ಯಾಂಪ್ ಹಾಕಿದರೆ ಸೊನ್ನೆ ತೋರಿಸುತ್ತದೆ, ಯಾಕೆಂದರೆ ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತದೆ, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದೇ ತಂತಿ ಹಿಡಿಯಬೇಕು. ಅದಕ್ಕೆಂದೇ ಮೂರು ತಂತಿ ಬಿಡಿಬಿಡಿಯಾಗಿರುವ ಒಂದು ಗೇಣುದ್ದದ ಎಕ್ಸ್‌ಟೆನ್ಷನ್ ಮಾಡಿಟ್ಟುಕೊಂಡಿದ್ದೇನೆ. 5.7 ಆಂಪಿಯರ್ ಬಂತು.

200 ಭಾಗಿಸು 5.7, ಅಂದರೆ 35 ಓಮ್. ರಾಡ್ ಸರಿಯಾಗೇ ಇದೆ! ಆದರೆ 200 ಗುಣಿಸು 5.7 ಅಂದರೆ 1140 ವ್ಯಾಟ್. 1500 ಎಲ್ಲಿ, 1140 ಎಲ್ಲಿ? 20 ಲೀಟರ್ ನೀರನ್ನು 22 ಡಿಗ್ರಿಯಿಂದ 45ಕ್ಕೆ ತರಲು 1500 ವ್ಯಾಟಿಗೆ 21 ನಿಮಿಷ ಸಾಕು, 1140ಕ್ಕೆ 28 ನಿಮಿಷ ಬೇಕು. ದೊಡ್ಡಮ್ಮ ಹೇಳಿದ ಅರ್ಧ ಗಂಟೆ ಸುಳ್ಳಲ್ಲ.

ರಾಡ್ ಓಡುತ್ತಿರುವಾಗಲೇ ಮನೆ ಮುಂದಿನ ಮೇನ್ ಹತ್ತಿರ ಹೋಗಿ ನೋಡಿದೆ. ಅಲ್ಲಿ 214 ವೋಲ್ಟ್. ಅಂದರೆ ಸಂಜೆ ಹೊತ್ತು ಊರಿಗೆ ಬರುವುದೇ ಕಡಿಮೆ, ಅದರ ಮೇಲೆ ಮನೆಯೊಳಗೆ ಇನ್ನೂ 14 ವೋಲ್ಟ್ ಸೋರುತ್ತಿದೆ. ಮನೆಯ ಮಿಕ್ಕೆಲ್ಲ ಸ್ವಿಚ್ ಆರಿಸಿ, ಮೀಟರಿನ ಕೆಂಪು ದೀಪ ಮಿನುಗುವುದನ್ನು ಎಣಿಸಿದೆ. ನಿಮಿಷಕ್ಕೆ 65. ಆ ಮೀಟರಿನ ಮೇಲೆ ಯೂನಿಟ್ಟಿಗೆ 3200 ಅಂತ ಬರೆದಿತ್ತು, ಹಾಗಾಗಿ 65 ಗುಣಿಸು 60 ಭಾಗಿಸು 3200, ಸುಮಾರು 1.22 ಕಿಲೋವ್ಯಾಟ್, ಅಂದರೆ 1220 ವ್ಯಾಟ್. ರಾಡಿಗೆ ಸಿಕ್ಕಿದ್ದು 1140. ನಡುವಿನ 80 ವ್ಯಾಟ್ ವೈರಿನಲ್ಲೇ ಸುಡುತ್ತಿತ್ತು.

14 ವೋಲ್ಟನ್ನು 5.7ರಿಂದ ಭಾಗಿಸಿದರೆ ಸುಮಾರು 2.5 ಓಮ್. ಅಲ್ಲಿ ಎಳೆದಿದ್ದು 1 ಚದರ ಮಿಲಿಮೀಟರಿನ ತಾಮ್ರದ ವೈರ್, 35 ಮೀಟರ್. ಹೋಗಿ ಬರುವುದು ಸೇರಿ 70 ಮೀಟರ್, ಅದಕ್ಕೆ 1.2 ಓಮ್‌ಗಿಂತ ಸ್ವಲ್ಪ ಜಾಸ್ತಿ ಇರಬೇಕು ಅಷ್ಟೇ. ಹಾಗಾದರೆ ಮಿಕ್ಕಿದ್ದು ಎಲ್ಲಿ? ಎಲ್ಲೋ ಒಂದು ಜಾಯಿಂಟ್ ಕೆಟ್ಟಿರಲೇಬೇಕು. ಸೂರಿನ ಕೆಳಗೆ ಟಾರ್ಚ್ ಬಿಟ್ಟುಕೊಂಡು ಹುಡುಕಿದೆ. ಸುಮ್ನೆ ತಿರುಚಿ ಟೇಪ್ ಸುತ್ತಿದ ಒಂದು ಗಂಟು ಸಿಕ್ಕಿತು. ಟೇಪು ಕರಗಿ ಅಂಟು ಸೋರಿತ್ತು, ಒಳಗೆ ತಾಮ್ರ ಕಪ್ಪಾಗಿತ್ತು. ಆ ಒಂದು ಗಂಟಿನ ಈ ಬದಿ ಆ ಬದಿಗೇ 7 ವೋಲ್ಟ್ ತೋರಿಸಿತು. 7 ಗುಣಿಸು 5.7, ಅಂದರೆ 40 ವ್ಯಾಟ್. ನಾನು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನೇ 25 ವ್ಯಾಟ್. ಅದಕ್ಕಿಂತ ಜಾಸ್ತಿ ಬಿಸಿ, ದಿನಾ ಅರ್ಧ ಗಂಟೆ, ಒಣ ಮರದ ತೊಲೆಗೆ ತಾಗಿಕೊಂಡು. ಬಿಲ್ಲಿನಲ್ಲಿ ಇದು ತಿಂಗಳಿಗೆ ಒಂದು ಯೂನಿಟ್ಟೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ನನಗೆ ಭಯವಾಗಿದ್ದು ತೊಲೆ ನೋಡಿ.

ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದಾಗಲೂ ಇದೇ ಲೆಕ್ಕ. 140 ಕಿಲೋಮೀಟರಿಗೂ ಜಾಸ್ತಿ ದೂರ. ಅಷ್ಟುದ್ದದ ತಂತಿಯ ಓಮ್ ತಪ್ಪಿಸಲು ಆಗುವುದಿಲ್ಲ, ಆದರೆ ವೋಲ್ಟೇಜು ಏರಿಸಿದರೆ ಅದೇ ಪವರಿಗೆ ಕಡಿಮೆ ಆಂಪಿಯರ್ ಸಾಕು. ಆಂಪಿಯರ್ ಅರ್ಧವಾದರೆ ತಂತಿಯಲ್ಲಿ ಸುಡುವುದು ಕಾಲು ಭಾಗಕ್ಕೆ ಇಳಿಯುತ್ತದೆ.

ಮಾರನೆ ದಿನ ಮೇನ್ ಆಫ್ ಮಾಡಿ 2.5 ಚದರ ಮಿಲಿಮೀಟರಿನ ವೈರ್ ಎಳೆದೆ, ನಡುವೆ ಒಂದೂ ಜಾಯಿಂಟ್ ಇಲ್ಲದೆ. 6 ಆಂಪಿಯರಿನ ಸಾಕೆಟ್ ತೆಗೆದು 16ರದ್ದು ಹಾಕಿದೆ, ಅರ್ಥ್ ತಂತಿಯನ್ನೂ ಸರಿಯಾಗಿ ಸೇರಿಸಿದೆ. 6.5 ಎಳೆಯುವ ರಾಡಿಗೆ 6ರ ಸಾಕೆಟ್ ಹಾಕಲೇಬಾರದು. ಸಂಜೆ ಮೇನ್‌ನಲ್ಲಿ ಮತ್ತೆ 214 ಇದ್ದಾಗ ಬಚ್ಚಲಲ್ಲಿ 211 ವೋಲ್ಟ್, 6 ಆಂಪಿಯರ್, 1266 ವ್ಯಾಟ್. ಊರಿಗೇ ಕಡಿಮೆ ಬರುವುದನ್ನು ನಾನು ಸರಿ ಮಾಡಲು ಆಗುವುದಿಲ್ಲ, ಅಲ್ವಾ? ಬೆಳಗ್ಗೆ ಬೇಗ ಕಾಯಿಸಿಕೊಳ್ಳಿ ಅಂದೆ. ಆಗ ಮೇನ್‌ನಲ್ಲೇ 228 ಇರುತ್ತದೆ, ರಾಡಿಗೆ 1440 ವ್ಯಾಟ್ ಸಿಗುತ್ತದೆ.

ಒಂದು ಮಾತು, ಈ ಲೆಕ್ಕ ರಾಡು, ಇಸ್ತ್ರಿ ಪೆಟ್ಟಿಗೆ ಥರದವಕ್ಕೆ ಸರಿ. ಕಬ್ಬಿನ ಗದ್ದೆಯ ಪಂಪ್‌ಸೆಟ್ಟಿಗೆ ಹೀಗೇ ಹಾಕಬೇಡಿ. ಅಲ್ಲಿ ಪವರ್ ಫ್ಯಾಕ್ಟರ್ ಬರುತ್ತದೆ, ಅಂದರೆ ವೋಲ್ಟೇಜು ಗುಣಿಸು ಕರೆಂಟ್ ಮಾಡಿದಷ್ಟೂ ನಿಜವಾದ ಪವರ್ ಆಗಿರುವುದಿಲ್ಲ. ಅದೂ ಅಲ್ಲದೆ ವೋಲ್ಟೇಜು ಇಳಿದರೆ ಲೋಡಿನಲ್ಲಿರುವ ಮೋಟಾರು ರಾಡಿನ ಹಾಗೆ ಕಡಿಮೆ ಎಳೆಯುವುದಿಲ್ಲ, ಜಾಸ್ತಿ ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ.

ಹೊರಡುವ ಮುಂಚೆ ಅಟ್ಟದ ಮೇಲಿನ ಹಳೇ ರಾಡನ್ನೂ ಇಳಿಸಿದೆ. ಪ್ಲಗ್ಗಿನ ಎರಡು ಪಿನ್ನುಗಳ ನಡುವೆ ಮಲ್ಟಿಮೀಟರ್ ಇಟ್ಟರೆ 35.6 ಓಮ್. ಅರ್ಥ್ ಪಿನ್ನಿಗೆ ಏನೂ ತೋರಿಸಲಿಲ್ಲ, ಹಾಗೇ ಇರಬೇಕು. "ಇದೂ ಸರಿಯಾಗಿದೆ ದೊಡ್ಡಮ್ಮ" ಅಂದೆ. "ಹಂಗಾದ್ರೆ ನೀನೇ ತಗೊಂಡೋಗು ಮಗ" ಅಂದರು. ಈಗ ನಮ್ಮ ಮನೆಯಲ್ಲಿ ನೀರು ಕಾಯುವುದು ಅದರಲ್ಲೇ.